ಕೇಳದೆ ತೆಗೆದ ಫೋಟೋಗಳು

ಬೀದರದ ಪೇಟೆಯಲ್ಲಿ ಕ್ಯಾಮೆರಾ ಹಿಡಿದವನನ್ನು ಯಾರೂ ನಂಬುವುದಿಲ್ಲ. ಹೇಗೆ ನಂಬಬೇಕು ಹೇಳಿ? ರಸ್ತೆ ಅಗಲ ಮಾಡುವ ಮೊದಲು ಒಬ್ಬ ಬಂದು ಅಂಗಡಿಗಳ ಫೋಟೋ ಹೊಡೆದುಕೊಂಡು ಹೋಗುತ್ತಾನೆ, ತಿಂಗಳಾದ ಮೇಲೆ ಗೋಡೆಗೆ ಕೆಂಪು ಗುರುತು ಬೀಳುತ್ತದೆ. ಹಳ್ಳಿಯಲ್ಲಿ ಮನೆ ಮಂಜೂರಾದರೆ ಬುನಾದಿಯ ಮುಂದೆ ನಿಲ್ಲಿಸಿ ಒಂದು ಫೋಟೋ, ಛತ್ತು ಬಿದ್ದಾಗ ಇನ್ನೊಂದು. ಫೋಟೋ ಅಂದರೆ ಸರಕಾರ ನೋಡುತ್ತಿದೆ ಎಂದು ಜನ ತಿಳಿದುಕೊಂಡಿದ್ದಾರೆ. ಇಂಥ ಸೀಮೆಯಲ್ಲಿ ಮಂಗಲಪೇಟೆಯ ಬೆನ್ನಿ ಹನ್ನೆರಡು ವರ್ಷದಿಂದ ಯಾರನ್ನೂ ಕೇಳದೆ ಫೋಟೋ ತೆಗೆಯುತ್ತ ತಿರುಗಿದ್ದಾನೆ, ಮೈಮೇಲೆ ಒಂದು ಏಟು ಬಿದ್ದಿಲ್ಲ. ಅದೆಲ್ಲ ತನ್ನ ಜಾಣತನ ಎಂದು ಅವನ ತಿಳಿವಳಿಕೆ.

ಹೊಟ್ಟೆಪಾಡಿಗೆ ಅವನು ತಹಸೀಲ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ. ದಿನವಿಡೀ ಅವನ ಬಾಯಲ್ಲಿ ಮೂರೇ ಮಾತು: "ಗದ್ದ ಮ್ಯಾಲ ಮಾಡ್ರಿ. ಕಿವಿ ಕಾಣ್ಬೇಕ್ರಿ. ನಗಬ್ಯಾಡ್ರಿ." ವಾರದ ಆರು ದಿನ ಜನರ ನಗು ಒರೆಸಿ ಒರೆಸಿ ಅವನಿಗೆ ಸಾಕಾಗಿಹೋಗಿತ್ತು. ಆದಿತ್ಯವಾರ ಚರ್ಚು ಮುಗಿದ ಕೂಡಲೆ ಸಂತೆಯ ಚೀಲದೊಳಗೆ ಕ್ಯಾಮೆರಾ ಇಟ್ಟು, ಮೇಲೆ ಒಂದು ಸಿವುಡು ಕೊತ್ತಂಬರಿ ಮುಚ್ಚಿ ಹೊರಡುತ್ತಿದ್ದ. ಮಿಶನ್ ಸಾಲಿಯ ಮಾಸ್ತರರಾಗಿದ್ದ ಅವನ ತಂದೆ ಜಾನಪ್ಪ ಬದುಕಿದ್ದಾಗ, "ದೇವರ ದಿನ ಕಳ್ಳನ ಹಾಂಗ ಹೊಂಟಾನ ನೋಡು" ಎಂದು ಬೈಯುತ್ತಿದ್ದರು. ಬೆನ್ನಿ ಬೈಯುವಾಗಿನ ಆ ಮುಖದ ಫೋಟೋವನ್ನೂ ಒಂದು ಸಲ ತೆಗೆದುಬಿಟ್ಟಿದ್ದ.

ಚೌಬಾರಾ ಗೋಪುರದ ಹತ್ತಿರ 'ಸದಾ ಎಚ್ಚರ' ಎಂಬ ಬೋರ್ಡಿನ ಕೆಳಗೆ ಬಾಯಿ ತೆರೆದು ಮಲಗಿದ ಕಾವಲುಗಾರ. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರ ಸಾಲಿನಲ್ಲಿ ತಾನೂ ಒಬ್ಬಳೆಂಬಂತೆ ನಿಂತ ಎಮ್ಮೆ. ಔರಾದದ ಪೆಟ್ರೋಲ್ ಪಂಪಿನಲ್ಲಿ ಬಾಸಿಂಗ ಕಟ್ಟಿಕೊಂಡೇ ಬಾಟಲಿ ಹಿಡಿದು ಕಾಯುತ್ತಿದ್ದ ಮದುಮಗ. ಇವನ್ನೆಲ್ಲ ಬೆನ್ನಿ ತನ್ನ ಪೇಜಿಗೆ ಹಾಕಿದರೆ ಜಿಲ್ಲೆಯೇ ಹಂಚಿಕೊಂಡು ನಗುತ್ತಿತ್ತು. ಕೇಳಿ ತೆಗೆಯಬಾರದೇ ಎಂದವರಿಗೆ ಅವನ ಉತ್ತರ ಸಿದ್ಧವಿತ್ತು: "ಕೇಳಿದ್ರ ಮುಖ ಪಾಸ್‌ಪೋರ್ಟ್ ಆಗ್ತದರಿ."

ಹೆಂಡತಿ ರೂತ ಜನವಾಡದವಳು, ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಮದುವೆಯಾದ ಹೊಸದರಲ್ಲಿ ಅವಳು ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. ಭಾಲ್ಕಿಯ ಸುಭದ್ರಾಬಾಯಿ ಎಂಬ ಹೆಂಗಸು ಗಂಡ ತೀರಿದ ತಿಂಗಳಲ್ಲೇ ಬಳೆ ಅಂಗಡಿಯ ಮುಂದೆ ನಿಂತು ನಗುತ್ತಿದ್ದ ಫೋಟೋ ಬೆನ್ನಿಯದು. ಅದನ್ನು ಅತ್ತೆ ಮನೆಯವರು ನೋಡಿ ರಂಪ ಮಾಡಿದ್ದರಂತೆ. ಆಕೆ ದವಾಖಾನೆಗೆ ಬಂದು ಅತ್ತಿದ್ದಳು. "ನಕ್ಕಿದ್ದು ಸುಳ್ಳೇನು?" ಎಂದು ಬೆನ್ನಿ ಕೇಳಿದ. ರೂತ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಲ್ಲಿಂದ ಒಂದು ಪದ್ಧತಿ ಬಿತ್ತು. ಹೊಸ ಫೋಟೋಗಳನ್ನು ಮೊದಲು ಅವಳಿಗೆ ತೋರಿಸಬೇಕು, ತಿಂಗಳು ತಡೆದು ಹಾಕಬೇಕು. "ಉಪ್ಪಿನಕಾಯಿ ಹಾಂಗರಿ, ಕೂತಷ್ಟು ರುಚಿ" ಎನ್ನುತ್ತಿದ್ದಳು. ತಿಂಗಳಾದ ಮೇಲೆ ಹತ್ತರಲ್ಲಿ ಎರಡಕ್ಕಾದರೂ ಅವಳ ತಕರಾರು ಇದ್ದೇ ಇರುತ್ತಿತ್ತು: "ಇದು ಬ್ಯಾಡರಿ. ಬೆಳಕು ಸರಿ ಇಲ್ಲ."

ಬೆನ್ನಿ ಒಳಗೊಳಗೇ ನಗುತ್ತಿದ್ದ. ಸೂಜಿ ಚುಚ್ಚುವವಳಿಗೆ ಬೆಳಕಿನ ಮರ್ಮ ಏನು ಗೊತ್ತು? ಆದರೂ ಮನೆಯಲ್ಲಿ ಶಾಂತಿ ಇರಲಿ ಎಂದು ಆ ಫೋಟೋಗಳನ್ನು ಬಿಟ್ಟುಬಿಡುತ್ತಿದ್ದ.

ಈ ವರ್ಷ ಬೇಸಿಗೆ ಶುರುವಾದಾಗ ಅಂಗಡಿಯಲ್ಲಿ ಫೋಟೋ ಕಾಗದ ಕಡಿಮೆಯಾಗುತ್ತಿರುವುದು ಅವನ ಕಣ್ಣಿಗೆ ಬಿತ್ತು. ಜೊತೆಗೆ ಕೆಲಸ ಮಾಡುವ ಯೂಸುಫನ ಮೇಲೆ ಸಂಶಯ ಬಂದು, ಎರಡು ದಿನ ಅವನ ಕೈಯನ್ನೇ ನೋಡುತ್ತ ಕೂತ. ಯೂಸುಫ ಕೊನೆಗೆ ಬೇಸತ್ತು, "ಭಾಯಿ, ನನ್ನ ಯಾಕ ಹಿಂಗ ನೋಡ್ಲತ್ತೀರಿ? ಕಾಗದ ಹೋಗಿದ್ದು ನಿಮ್ಮ ಮನಿಗೇ" ಎಂದ. ಬೆನ್ನಿ ಅದನ್ನು ಚಾಷ್ಟಿ ಎಂದುಕೊಂಡು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಬಂದದ್ದು ಭಾಲ್ಕಿಯ ಕಲ್ಲಂಗಡಿ ಫೋಟೋ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಪ್ಪ ಮನುಷ್ಯ ಅಂಗಿಯೊಳಗೆ ಕಲ್ಲಂಗಡಿ ಇಟ್ಟುಕೊಂಡು, ಗರ್ಭಿಣಿಯರ ಆರೈಕೆಯ ಭಿತ್ತಿಚಿತ್ರದ ಕೆಳಗೆ ಕೂತಿದ್ದ. ರಾತ್ರಿ ಊಟಕ್ಕೆ ಮೊದಲು ಬೆನ್ನಿ ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ ತಾನೇ ನಗುತ್ತಿದ್ದ. ಹಿಂದೆ ಔರಾದಕ್ಕೆ ಹೋಗುವ ಬಸ್ಸು ನಿಂತಿತ್ತು. ಅದರ ಮೂರನೆಯ ಕಿಟಕಿಯಲ್ಲಿ ನೀಲಿ ಸೀರೆಯ ಹೆಂಗಸು, ಮಡಿಲಲ್ಲಿ ಒಂದು ಕಂದು ಲಕೋಟೆ. ಅದು ರೂತ.

ಅವನ ನಗು ಅಲ್ಲೇ ನಿಂತಿತು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷದ ಫೋಟೋ. ರೂತ ಬೆಳಿಗ್ಗೆ ಡ್ಯೂಟಿ ಎಂದು ಹೇಳಿ ಹೋದವಳು.

ಅವಳು ರೊಟ್ಟಿ ತಟ್ಟುತ್ತಿದ್ದಳು. ಬೆನ್ನಿ ಬಾಗಿಲಲ್ಲಿ ನಿಂತು, "ಇವತ್ತ ಡ್ಯೂಟಿ ಹ್ಯಾಂಗ ಇತ್ತು?" ಎಂದ.

"ಭಾಳ ಮಂದಿ ಇದ್ರು. ಕಾಲೆಲ್ಲ ಬ್ಯಾನಿ ಆಗ್ಯಾವ."

ಸುಳ್ಳು ಇಷ್ಟು ಸರಾಗವಾಗಿ ಬಂದಿತ್ತು. ಕೇಳಬಹುದಿತ್ತು. ಆದರೆ ಬೆನ್ನಿ ಕೇಳುವ ಜಾತಿಯವನೇ ಅಲ್ಲ, ಕದ್ದು ನೋಡುವವನು. ರೂತ ಮಲಗಿದ ಮೇಲೆ ಹಳೆಯ ಫೋಟೋಗಳನ್ನೆಲ್ಲ ಹಿಗ್ಗಿಸಿ ಹಿಗ್ಗಿಸಿ ಹುಡುಕಿದ. ಎರಡು ವರ್ಷದ ಹಿಂದೆ ಶರಫೋದ್ದೀನನ ಕಟಿಂಗ್ ಅಂಗಡಿಯ ಕನ್ನಡಿಯಲ್ಲಿ ಅವಳ ಅರ್ಧ ಮುಖ ಸಿಕ್ಕಿತು. ಭಾಲ್ಕಿಯ ಬೀದಿಯಲ್ಲಿ ಅವಳದೇ ಛತ್ರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ನೀಲಿ ಸೀರೆಯ ಹೆಂಗಸರೆಲ್ಲ ಅವನಿಗೆ ರೂತಳಾಗಿ ಕಂಡರು. ಆ ವಾರ ಅವಳ ಫೋನು, ಚಪ್ಪಲಿಯ ಮಣ್ಣು, ಬಸ್ಸಿನ ಟಿಕೀಟು ಎಲ್ಲವನ್ನೂ ಪೊಲೀಸನಂತೆ ನೋಡಿದ. ಹನ್ನೆರಡು ವರ್ಷದ ಸಂಸಾರ ಒಂದು ಬಸ್ಸಿನ ಕಿಟಕಿಯಲ್ಲಿ ಕೂತು ಹೊರಟುಹೋಗುತ್ತದೇನೋ ಎಂದು ಅವನಿಗೆ ಅನ್ನ ಇಳಿಯಲಿಲ್ಲ.

ಮುಂದಿನ ಆದಿತ್ಯವಾರವೂ ರೂತಳಿಗೆ ಡ್ಯೂಟಿ ಬಂತು. ಬೆನ್ನಿ ಚರ್ಚು ಬಿಟ್ಟು, ಮುಖ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಗಾಡಿಯ ಮೇಲೆ ಅವಳು ಹತ್ತಿದ ಔರಾದದ ಬಸ್ಸಿನ ಬೆನ್ನು ಹತ್ತಿದ. ಔರಾದದಲ್ಲಿ ಅವಳು ಇಳಿದು ತಮತಮ್ ಹತ್ತಿದಳು. ಆ ಮೂರು ಗಾಲಿಯ ಗಾಡಿ ಧೂಳು ಎಬ್ಬಿಸುತ್ತ ಡಾಬಕಾ ಊರಿಗೆ ಹೋಗಿ ನಿಂತಿತು. ಅವಳು ಒಂದು ಓಣಿಯೊಳಗೆ ಹೋದಳು. ಲಕೋಟೆ ಕಂಕುಳಲ್ಲಿತ್ತು. ಒಂದು ತಗಡಿನ ಮನೆಯ ಬಾಗಿಲಲ್ಲಿ ಅವಳ ಚಪ್ಪಲಿ ಕಂಡಿತು. ಪಕ್ಕದಲ್ಲಿ ಒಂದು ಜೊತೆ ಗಂಡಸರ ಕೆರವು.

ಬೆನ್ನಿ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕೊತ್ತಂಬರಿ ಸರಿಸಿ ಕ್ಯಾಮೆರಾ ತೆಗೆದ. ಎದುರು ಮನೆಯ ಗೋಡೆಗೆ ಆತು ನಿಂತು, ದೂರದ್ದನ್ನು ಹತ್ತಿರ ತೋರಿಸುವ ಮಸೂರವನ್ನು ಆ ಬಾಗಿಲಿಗೆ ಹಿಡಿದ. ಒಳಗೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಕೆಳಗೆ ಚಾಪೆಯ ಮೇಲೆ ರೂತ. ಅವಳ ಎದುರು ಒಬ್ಬ ಮುದುಕಿ, ಮಗ್ಗುಲಲ್ಲಿ ಊರುಗೋಲು. ಗಂಡಸಿನ ಸುಳಿವೇ ಇಲ್ಲ. ಆ ಕೆರವು ಮುದುಕಿಯದೇ ಇರಬೇಕು, ಸತ್ತ ಗಂಡನದನ್ನು ಮೆಟ್ಟುತ್ತಾಳೋ ಏನೋ.

ಮುದುಕಿಯ ಮುಖ ಅವನಿಗೆ ಗೊತ್ತಿತ್ತು. ಮೂರು ವಾರದ ಹಿಂದೆ ಔರಾದದ ಸಂತೆಯಲ್ಲಿ ಆಡು ಹಗ್ಗ ಬಿಚ್ಚಿಕೊಂಡು ಓಡಿದಾಗ, ಊರುಗೋಲನ್ನು ಗದೆಯ ಹಾಗೆ ತಲೆಯ ಮೇಲೆ ಎತ್ತಿ ಅದರ ಹಿಂದೆ ಓಡಿದ್ದವಳು ಈಕೆಯೇ. ಈ ವರ್ಷ ತೆಗೆದದ್ದರಲ್ಲಿ ಅದೇ ಚೊಲೊ ಫೋಟೋ ಎಂದು ಬೆನ್ನಿ ಹಿಗ್ಗಿದ್ದ. ಈಗ ಅದರ ಪ್ರಿಂಟು ಅವರಿಬ್ಬರ ನಡುವೆ ಚಾಪೆಯ ಮೇಲಿತ್ತು, ತನ್ನ ಅಂಗಡಿಯಿಂದ ಹೋದ ಕಾಗದವೇ. ಅವನು ಓಣಿ ದಾಟಿ, ಗೋಡೆಗುಂಟ ಸರಿದು ಬಾಗಿಲ ಮಗ್ಗುಲಿಗೆ ಬಂದ.

"ಇದು ತಹಸೀಲಿಗೆ ಹೋಗ್ಯಾದೇನು, ಸಿಸ್ಟರ್ ಬಾಯಿ?" ಎಂದು ಮುದುಕಿ ಕೇಳುತ್ತಿದ್ದಳು.

"ಇಲ್ಲರಿ ಆಯಿ. ಎಲ್ಲಿಗೂ ಹೋಗಿಲ್ಲ."

"ಅಂಗವಿಕಲರ ಪಗಾರ ಬರ್ತದ ನನಗ. ಇದು ನೋಡಿದ್ರ ಕೌಸಲ್ಯಾಬಾಯಿ ಕಾಲು ಸುಳ್ಳು ಅಂತಾರ. ಆಡು ಓಡಿದ್ರ ಯಾರಿಗವ್ವಾ ಕಾಲು ನೆನಪಿರ್ತದ? ಓಡಿ ಬಂದು ಮೂರು ದಿನ ಎದ್ದಿಲ್ಲ ನಾ. ಯಾರೋ ಫೋಟೋ ಹೊಡದಾನ ಅಂತ ಕಾಶೀರಾಮ ಹೇಳಿದಾಗಿಂದ ಕಟ್ಟಿಗೂ ಬಂದಿಲ್ಲ. ಎಲ್ಲಿ ನಿಂತು ನೋಡ್ಲತ್ತಾನೋ ಅಂತ."

"ನಮ್ಮ ಮನಿಯವ್ರೇ ಹೊಡದಿದ್ದು ಆಯಿ. ಹೋದ ಆದಿತ್ಯವಾರ ಭಾಲ್ಕಿದಾಗ ಒಬ್ಬರನ್ನ ಕೇಳಿ ಔರಾದಕ್ಕ ಬಂದು ನಿಮ್ಮ ಮನಿ ಹುಡುಕಿದೆ, ಸಿಗಲಿಲ್ಲ. ನಿಮಗ ಬ್ಯಾಡ ಅಂದ್ರ ಬ್ಯಾಡ. ಹಾಕಂಗಿಲ್ಲ."

"ಗಂಡಸು ಹೆಂಡ್ತಿ ಮಾತು ಕೇಳ್ತಾನ?"

ರೂತ ಸ್ವಲ್ಪ ನಕ್ಕಳು. "ಬೆಳಕು ಸರಿ ಇಲ್ಲ ಅಂತೇನಿ. ಕೇಳ್ತಾರ."

ಗೋಡೆಯ ಈಚೆ ಬೆನ್ನಿ ಕ್ಯಾಮೆರಾ ಕೆಳಗಿಳಿಸಿದ. ಹನ್ನೆರಡು ವರ್ಷದ ಒಂದೊಂದು ಫೋಟೋವೂ ಕಣ್ಣ ಮುಂದೆ ಬಂತು. ಆ ಕಾವಲುಗಾರ, ಆ ಮದುಮಗ, ಅವರೆಲ್ಲ ಈ ಚಾಪೆಯಂಥ ಚಾಪೆಯ ಮೇಲೆ ರೂತಳ ಎದುರು ಕೂತು ಹೂಂ ಅಂದವರು. ಉಳಿದವರು ಬ್ಯಾಡ ಅಂದವರು. ತನಗೆ ಏಟು ಬೀಳದಿದ್ದುದು ತನ್ನ ಕೊತ್ತಂಬರಿ ಸಿವುಡಿನಿಂದಲ್ಲ. ಅವನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಹಗುರವೂ ಆಯಿತು. ರೂತ ತನ್ನವಳೇ ಎಂದು ಮನಸ್ಸು ಹೇಳಿತು. ಸದ್ದಿಲ್ಲದೆ ಹೋಗಿಬಿಡಬೇಕು, ಈ ವಾರ ನಡೆದದ್ದನ್ನು ನುಂಗಿಬಿಡಬೇಕು ಎಂದುಕೊಂಡು ತಿರುಗಿದ.

ತಿರುಗಿದರೆ ಹೆಗಲ ಮೇಲೆ ಒಂದು ಕೈ ಬಿತ್ತು. ನೆರೆಮನೆಯ ಕಾಶೀರಾಮ. "ಯಾವ ಇಲಾಖಿ ಸಾಹೇಬ್ರು ನೀವು? ಹೆಣ್ಮಕ್ಕಳ ಬಾಗಲದಾಗ ಕ್ಯಾಮೆರಾ ಹಿಡದು ಏನ್ ನೋಡ್ಲತ್ತೀರಿ? ಆವಾಗಿಂದ ನೋಡ್ತಿದ್ದೇನಿ."

ಓಣಿಯ ನಾಲ್ಕು ಜನ ಸೇರಿದರು. ಒಬ್ಬ ಹೆಲ್ಮೆಟ್ ಕಿತ್ತುಕೊಂಡ, ಇನ್ನೊಬ್ಬ ಗಾಡಿಯ ಕೀಲಿ ತೆಗೆದ. ಗದ್ದಲ ಕೇಳಿ ರೂತ ಬಾಗಿಲಿಗೆ ಬಂದಳು. ಮೊದಲು ಗಂಡನನ್ನು, ಆಮೇಲೆ ಹೆಲ್ಮೆಟ್ಟಿಲ್ಲದ ಮುಖ ಮುಚ್ಚಿಕೊಳ್ಳಲು ಅವನು ಎತ್ತಿ ಹಿಡಿದಿದ್ದ ಕ್ಯಾಮೆರಾವನ್ನು ನೋಡಿದಳು. ಅದರ ಮಸೂರ ಪೂರ್ತಿ ಹೊರಗೆ ಬಂದಿತ್ತು, ಅವಳು ನಿಂತ ಬಾಗಿಲ ಕಡೆಗೇ. ಇವನು ಯಾಕೆ ಬಂದಿದ್ದಾನೆ, ಎಷ್ಟು ದೂರದಿಂದ ಹಿಂದೆ ಬಿದ್ದಿದ್ದಾನೆ ಎಂದು ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ.

"ಬಿಡ್ರಣ್ಣ, ಇವ್ರು ನಮ್ಮ ಮನಿಯವ್ರು" ಎಂದಳು. ಜನ ಕೈ ಬಿಟ್ಟರು. ಆಮೇಲೆ ಅವನಿಗಷ್ಟೇ ಕೇಳುವಂತೆ, "ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ರಿ" ಎಂದಳು.

ಒಳಗಿನಿಂದ ಕೌಸಲ್ಯಾಬಾಯಿ ಕುತ್ತಿಗೆ ಚಾಚಿ ನೋಡಿ, "ಇಂವೇ ಏನು? ಆಡು ಬಿಟ್ಟು ಈಗ ಹೆಂಡ್ತಿ ಹಿಂದ ಬಂದಾನ" ಎಂದಳು. ಓಣಿಯವರು ನಕ್ಕರು. ಯಾರೋ ಫೋನು ಎತ್ತಿ ಬೆನ್ನಿಯ ಫೋಟೋ ಹೊಡೆದರು. ಅವನು ಮುಖ ತಿರುವಿಕೊಂಡ.

ಗಾಡಿ ಹತ್ತು ಎಂದರೆ ರೂತ ಹತ್ತಲಿಲ್ಲ. ಬಂದ ಹಾಗೆಯೇ ತಮತಮ್ ಹತ್ತಿ, ಔರಾದದಲ್ಲಿ ಬಸ್ಸು ಹಿಡಿದಳು. ಬೀದರದವರೆಗೂ ಬೆನ್ನಿ ಬಸ್ಸಿನ ಹಿಂದೆಯೇ ಗಾಡಿ ಓಡಿಸಿದ. ಹಿಂದಿನ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು. ಒಂದು ಸಲವೂ ಅದು ತಿರುಗಲಿಲ್ಲ.

ರೂತ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಚೊಲೊ ಇತ್ತು. ರೊಟ್ಟಿ ಬಡಿಸಿದಳು, ಡ್ಯೂಟಿಗೆ ಹೋಗಿ ಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ಬೆನ್ನಿ ಎದುರು ಬಂದ ಕೂಡಲೆ ಅವಳ ಗದ್ದ ನೆಟ್ಟಗಾಗುತ್ತಿತ್ತು, ಕಣ್ಣು ಸೀದಾ ಆಗುತ್ತಿತ್ತು, ತುಟಿ ಮುಚ್ಚುತ್ತಿತ್ತು. ದಿನಕ್ಕೆ ನೂರು ಸಲ ತಾನೇ ಹೇಳಿ ಮಾಡಿಸುವ ಆ ಮುಖವನ್ನು ಅವನು ಮನೆಯಲ್ಲಿ ನೋಡುವಂತಾಯಿತು. ಆಡಿನ ಫೋಟೋ ಅಳಿಸಿದ, ಅವಳಿಗೆ ತೋರಿಸಿಯೇ ಅಳಿಸಿದ. "ಹೂಂ" ಎಂದಳು, ಅಷ್ಟೇ.

ಮೂರನೆಯ ಆದಿತ್ಯವಾರ ಚರ್ಚಿನಿಂದ ಬಂದು ಅವಳು ಅಂಗಳದಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹತ್ತು ಗಂಟೆಯ ಬಿಸಿಲು ಬೇವಿನ ಎಲೆಗಳ ನಡುವಿನಿಂದ ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಬೆನ್ನಿ ಕ್ಯಾಮೆರಾ ತಂದ. ಚೀಲದೊಳಗಿಟ್ಟು ತರಲಿಲ್ಲ, ಎದುರಿಗೇ ಹಿಡಿದುಕೊಂಡು ಬಂದು ನಿಂತ.

"ರೂತ, ನಿನ್ನ ಒಂದು ಫೋಟೋ ತೆಗೀಲೇನು?"

ಜನ್ಮದಲ್ಲಿ ಮೊದಲ ಸಲ ಅವನು ಕೇಳಿದ್ದ. ಅವಳು ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ.

"ಬ್ಯಾಡರಿ" ಎಂದಳು. "ಬೆಳಕು ಸರಿ ಇಲ್ಲ."