ಒಕ್ಕಲಿನವರ ಲಂಗಕ್ಕೆ ಕೆಂಪು ಅಂಚು

ಎರಡು ಸಾವಿರದ ಇಸವಿಯ ಸುಮಾರಿಗೆ ಜರ್ಮನಿಯೂ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬಂದ ನಮ್ಮಂಥವರ ಹೆಂಡತಿಯರಿಗೆ ಆಗ ಕೂಡಲೇ ಕೆಲಸದ ಪರವಾನಗಿ ಸಿಗುತ್ತಿರಲಿಲ್ಲ. ಇಂಗೋಲ್‌ಸ್ಟಾಟ್ ಹತ್ತಿರದ ಪುಟ್ಟ ಪೇಟೆಯಲ್ಲಿ ನಮ್ಮ ಬಿಡಾರ. ನಾನು ಬೆಳಿಗ್ಗೆ ಬಸ್ಸು ಹತ್ತಿ ಕಾರಿನ ಸಾಫ್ಟ್‌ವೇರ್ ಬರೆಯಲು ಹೋದರೆ, ಉಡುಪಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ನನ್ನವಳು ಕಿಟಕಿಯಲ್ಲಿ ಕೂತು ಎದುರು ಮನೆಯ ಬೆಕ್ಕನ್ನು ಕಾಯುತ್ತಿದ್ದಳು. ಒಂದು ಸಂಜೆ ಹೇಳಿಯೇಬಿಟ್ಟಳು: "ಇಲ್ಲಿ ನಂಗೆ ಎಂತ ಕೆಲಸ ಉಂಟು ಮಾರಾಯ್ರೆ? ಜುಲೈಗೆ ಊರಿಗೆ ಹೋಗ್ತೇನೆ. ಮತ್ತೆ ಬರುದಿಲ್ಲ." ಸುಮ್ಮನೆ ಹೆದರಿಸುವವಳಲ್ಲ ಅವಳು. ನನಗೆ ಊಟ ಸೇರಲಿಲ್ಲ.

ಕೆಳಗಿನ ಅಂತಸ್ತಿನಲ್ಲಿದ್ದ ನಮ್ಮ ಬಾಡಿಗೆಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಜೂನ್ ತಿಂಗಳ ಮೆರವಣಿಗೆಗೆ ವೇಷ ಹೊಲಿಯುತ್ತಿದ್ದರು. ಮಧ್ಯಯುಗದಲ್ಲಿ ಊರು ಹೇಗಿತ್ತೋ ಹಾಗೆಯೇ ಇಡೀ ಪೇಟೆ ವೇಷ ಕಟ್ಟಿ ಬೀದಿಗಿಳಿಯುವ ಹಬ್ಬವದು. ಹೊಲಿಗೆ ಯಂತ್ರವಿದ್ದದ್ದು ನೆಲಮಾಳಿಗೆಯಲ್ಲಿ, ಅವರ ಬಾಯಲ್ಲಿ ಕೆಲ್ಲರ್‌ನಲ್ಲಿ. ನಮ್ಮಿಬ್ಬರನ್ನೂ ಅಲ್ಲಿಗೆ ಕರೆದು, "ನೀವೂ ಬನ್ನಿ. ಯಾವ ವರ್ಗಕ್ಕೆ ಸೇರುತ್ತೀರಿ?" ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ಊರಿನಲ್ಲಿ "ನೀವು ಯಾವ ಪೈಕಿ?" ಎಂದು ಜಾತಿ ಕೇಳಿಸಿಕೊಂಡು ಸಾಕಾಗಿ ಸಮುದ್ರ ದಾಟಿದರೆ ಇಲ್ಲೂ ಅದೇ ರಾಮಾಯಣ! ಅಜ್ಜಿ ವಿವರಿಸಿದರು. ಪ್ರಾರ್ಥಿಸುವವರು, ಕಾದಾಡುವವರು, ದುಡಿಯುವವರು ಎಂದು ಆಗ ಮೂರು ವರ್ಗ. ನಮ್ಮ ಮಾತಿನಲ್ಲಿ ಪಾದ್ರಿ, ಧಣಿ, ಒಕ್ಕಲು. ಹೊಸಬರೆಲ್ಲ ಒಕ್ಕಲಿನ ಗುಂಪಿಗೆ, ಧಣಿಗಳ ಕುದುರೆಯ ಹಿಂದೆ.

"ಇಷ್ಟು ದೂರ ಬಂದು ಕುದುರೆ ಲದ್ದಿ ತುಳಿಯುದಾ?" ಎಂದು ನನ್ನವಳು ಗೊಣಗಿದಳು. ಮರುದಿನ ಮಾತ್ರ ತಾನಾಗಿಯೇ ಕೆಲ್ಲರ್‌ಗೆ ಇಳಿದಳು. ಇಬ್ಬರ ನಡುವೆ ಭಾಷೆ ಅಷ್ಟಕ್ಕಷ್ಟೇ. ಕತ್ತರಿಗೂ ಸೂಜಿಗೂ ಅದು ಬೇಕಾಗಲಿಲ್ಲ. ಸಂಜೆ ಬಾಗಿಲು ತೆರೆದರೆ ಯಂತ್ರದ ಕಟಕಟ, ಇಸ್ತ್ರಿಯ ಬಿಸಿ ವಾಸನೆ, ಅಜ್ಜಿ ಕೊಟ್ಟ ಸೇಬಿನ ಕೇಕು. ಆ ದಿನಗಳು ಇನ್ನೊಮ್ಮೆ ಬರಬಾರದೇ ಎಂದು ಈಗಲೂ ಅನ್ನಿಸುತ್ತದೆ.

ಎಡವಟ್ಟಾದದ್ದು ಹಬ್ಬಕ್ಕೆ ವಾರವಿರುವಾಗ. ಒಕ್ಕಲು ಹೆಂಗಸರ ಕಂದು ಲಂಗಗಳಿಗೆಲ್ಲ ಇವಳು ತನ್ನ ಹಳೆಯ ರೇಷ್ಮೆ ಪಟ್ಟೆ ಸೀರೆಗಳ ಕೆಂಪು ಅಂಚು ಕತ್ತರಿಸಿ ಹೊಲಿದಿಟ್ಟಿದ್ದಳು. ಅಜ್ಜಿ ತಲೆಯ ಮೇಲೆ ಕೈಹೊತ್ತರು. ಒಕ್ಕಲಿಗೆ ಮಣ್ಣಿನ ಬಣ್ಣ, ಬೂದಿ ಬಣ್ಣ ಅಷ್ಟೇ. ಇಂಥ ಕೆಂಪು ಧಣಿಗಳ ಸೊತ್ತು. ವೇಷ ತಪಾಸಣೆಯ ಸಮಿತಿಯವರು ಇಡೀ ಗುಂಪನ್ನೇ ಹೊರಗಿಡುತ್ತಾರೆ.

"ಮುತ್ತೈದೆಯರಿಗೆ ಅಂಚಿಲ್ಲದ ಬಟ್ಟೆ ಉಡಿಸ್ಲಿಕ್ಕೆ ಉಂಟಾ? ನಾನು ಬಿಚ್ಚುದಿಲ್ಲ. ಬಿಚ್ಚುದಾದ್ರೆ ನಾಳೆಯೇ ಊರಿಗೆ ಹೋಗ್ತೇನೆ," ಎಂದಳು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ಜರ್ಮನ್‌ಗೆ ತಿರುಗಿಸಿದೆ. ಅಜ್ಜಿ ಅವಳ ತುಂಬಿದ ಕಣ್ಣು ನೋಡಿದರು. ಒಂದು ಲಂಗ ಎತ್ತಿಕೊಂಡು, ಅಂಚನ್ನು ಒಳಕ್ಕೆ ಮಡಚಿ ಪಿನ್ನು ಚುಚ್ಚಿದರು. "ಧಣಿಗಳು ಹೊರಗಿನದನ್ನಷ್ಟೇ ನೋಡುವುದು. ನಮ್ಮ ಹಿರಿಯರೂ ಒಕ್ಕಲೇ," ಎಂದರು.

ತಪಾಸಣೆ ಸುಸೂತ್ರವಾಗಿ ಮುಗಿಯಿತು. ಆದರೆ ಹಬ್ಬದ ಬೆಳಿಗ್ಗೆ ಮಳೆ ಹೊಯ್ದು ಪೇಟೆ ಚೌಕದ ತುಂಬ ಕೆಸರು ನೀರು. ಕುದುರೆಗಳು ದಾಟಿದವು. ಹಿಂದಿದ್ದ ಹೆಂಗಸರು ಏನು ಮಾಡಿಯಾರು? ಎಲ್ಲರೂ ಒಟ್ಟಿಗೇ ಲಂಗ ಎತ್ತಿದರು, ಒಳಗೆ ಮಡಚಿದ ಅಂಚು ಹೊರಬಿದ್ದು ಸಾಲಿಗೆ ಸಾಲೇ ಕೆಂಪಾಯಿತು. ಜನ ಚಪ್ಪಾಳೆ ಹೊಡೆದರು, ಸಮಿತಿಯ ಯಜಮಾನರು ಆಕಾಶ ನೋಡಿದರು. ನನ್ನವಳು ಅಜ್ಜಿಯ ತೋಳು ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಆ ನಗು ನೋಡಿ ನನಗೆ ಅಳು ಬಂತು.

ಸಂಜೆ ಅವಳು ಬಚ್ಚಲಿನಲ್ಲಿ ಲಂಗಗಳ ಕೆಸರು ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು, "ಜುಲೈಗೆ ಟಿಕೆಟ್ ಮಾಡ್ಬೇಕಾ?" ಎಂದೆ.

ಅವಳು ತಲೆಯೆತ್ತಲಿಲ್ಲ. "ಅಜ್ಜಿಗೆ ಸೂಜಿಗೆ ನೂಲು ಪೋಣಿಸ್ಲಿಕ್ಕೆ ಕಣ್ಣು ಕಾಣುದಿಲ್ಲ. ಬರುವ ವರ್ಷದ ಲಂಗ ಮತ್ತೆ ಯಾರು ಹೊಲಿಯುದು, ನೀವಾ?"