ಜಾಝ್ ಆಲ್ಬಮ್ಮಿನಲ್ಲಿ ತೀರಿಕೊಂಡ ನಮ್ಮಪ್ಪ

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರದ ಮಾತು. ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಅಂದು ಸ್ಟಾಫ್ ರೂಮಿನಲ್ಲಿ ಒಂಬತ್ತನೇ ತರಗತಿಯ ಪೇಪರು ತಿದ್ದುತ್ತ ಕುಳಿತಿದ್ದಾಗ ಇಂಗ್ಲಿಷ್ ಕಲಿಸುವ ಇಕ್ಬಾಲ್ ಸರ್ ಫೋನು ಹಿಡಿದುಕೊಂಡು ಬಂದರು. ಅವರಿಗೆ ಎಲ್ಲೆಲ್ಲಿಯದೋ ಸಂಗೀತ ಹುಡುಕಿ ಕೇಳುವ ಹುಚ್ಚು.

“ಮೇಡಂ, ಇಲ್ನೋಡ್ರಿ. ಜಾಝ್ ಆಲ್ಬಮ್ಮಿನ್ಯಾಗ ನಿಮ್ಮೂರ ಹೆಸರೈತಿ” ಎಂದರು.

ಮುಂಬೈಯ ಒಂದು ಸಭಾಂಗಣದಲ್ಲಿ ಜನರೆದುರು ನುಡಿಸಿ, ಅಲ್ಲೇ ಧ್ವನಿಮುದ್ರಿಸಿ ಹೊರತಂದ ಆಲ್ಬಮ್ ಅದು. ಅಗಲಿದ ಜಾಝ್ ದಿಗ್ಗಜರಿಗೆ ನಮನ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಏಳು ಜನರ ಹೆಸರು, ಫೋಟೋ ಹಾಕಿದ್ದರು. ನಾಲ್ಕನೆಯದು ‘ಹ್ಯಾರಿ ಇಳಕಲ್, ಸ್ಯಾಕ್ಸಫೋನ್’. ಗುಂಗುರು ಕೂದಲು, ಕೊರಳಲ್ಲಿ ಬೋ ಟೈ, ಕೈಯಲ್ಲಿ ಹಿತ್ತಾಳೆಯ ವಾದ್ಯ. ಆ ಫೋಟೋದ ಇನ್ನೊಂದು ಪ್ರತಿ ನಮ್ಮ ಮನೆಯ ಟ್ರಂಕಿನಲ್ಲಿ ಅವ್ವನ ಸೀರೆಗಳ ಕೆಳಗಿದೆ.

“ಸರ್, ಇವ್ರು ನಮ್ಮಪ್ಪ” ಎಂದೆ.

ಇಕ್ಬಾಲ್ ಸರ್ ಮುಖ ಸಣ್ಣದಾಯಿತು. “ಅಯ್ಯೋ, ಯಾವಾಗ ತೀರ್ಕೊಂಡ್ರು? ನಮಗ ಹೇಳಲೇ ಇಲ್ಲಲ್ಲ.”

“ಮುಂಜಾನಿ ಪಲ್ಯಾದಾಗ ಉಪ್ಪು ಕಡಿಮಿ ಆಗೇತಂತ ನನ್ನ ಕೂಡ ಜಗಳಾ ಮಾಡಿ, ಎರಡು ಮೆತ್ತನ್ನ ರೊಟ್ಟಿ ತಿಂದಾರ್ರಿ.”

ಅಪ್ಪನ ಹೆಸರು ಹನಮಪ್ಪ. ಚಿಕ್ಕವನಿದ್ದಾಗ ಬಾಗಲಕೋಟೆಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದನಂತೆ. ಆ ತಂಡದ ಜೊತೆ ಮುಂಬೈಗೆ ಹೋದವನು ಅಲ್ಲೇ ಉಳಿದ. ಆಗ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಸಂಜೆ ಜಾಝ್ ನುಡಿಸುವ ತಂಡಗಳಿದ್ದವು. ಫ್ರಾಂಕ್ ಎಂಬ ಗೋವೆಯ ಟ್ರಂಪೆಟ್ ವಾದಕ ಅಪ್ಪನಿಗೆ ಸ್ವರ ಬರೆದದ್ದನ್ನು ಓದಲು ಕಲಿಸಿ, ಕೈಗೆ ಸ್ಯಾಕ್ಸಫೋನ್ ಕೊಟ್ಟ. ಹನಮಪ್ಪ ಎನ್ನಲು ನಾಲಗೆ ಹೊರಳದ ಹೋಟೆಲಿನ ಮ್ಯಾನೇಜರ್ ಅವನನ್ನು ಹ್ಯಾರಿ ಇಳಕಲ್ ಮಾಡಿದ. ಹನ್ನೊಂದು ವರ್ಷದ ನಂತರ ಆ ತಂಡಗಳು ಒಂದೊಂದಾಗಿ ಮುಚ್ಚಿದಾಗ ಅಪ್ಪ ಇಳಕಲ್ಲಿಗೆ ಬಂದು, ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆದ. ನನಗೆ ಗೊತ್ತಿದ್ದದ್ದು ಇಷ್ಟೇ. ಅದೂ ಅವ್ವ ಇದ್ದಾಗ ಹೇಳಿದ್ದು. ಅಪ್ಪ ಆ ವರ್ಷಗಳ ಮಾತೇ ಎತ್ತುತ್ತಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಅಪ್ಪನ ಮುಂದೆ ಫೋನು ಹಿಡಿದೆ. ಸಿಟ್ಟು ಮಾಡುತ್ತಾನೆ, ಕಡೇಪಕ್ಷ ನಗುತ್ತಾನೆ ಅಂದುಕೊಂಡಿದ್ದೆ. ಅವನು ಕನ್ನಡಕ ಏರಿಸಿ, “ಉಳಿದ ಆರು ಮಂದಿ ಯಾರ್ಯಾರು? ಓದು” ಎಂದ.

ಓದಿದೆ. ಮೂರನೆಯ ಹೆಸರಿಗೆ ಕೈ ಎತ್ತಿ ನಿಲ್ಲಿಸಿದ. “ಫ್ರಾಂಕ್ ಹೋದನಾ?”

ಆಗ ನನಗೆ ತಿಳಿಯಿತು. ಅಪ್ಪನಿಗೆ ಇವರ ಸಾವಿನ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಆ ಆರರಲ್ಲಿ ನಾಲ್ವರು ಅವನ ಜೊತೆಗೆ ನುಡಿಸಿದವರು. ಇನ್ನೊಮ್ಮೆ ಓದಿಸಿದ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕಿದ. ನಾನು ಮುಂಜಾನೆಯೇ ನೀರು ಹಾಕಿದ್ದ ಗಿಡ ಅದು.

“ನಾಳೇನ ಫೋನ್ ಮಾಡಿ ನಿನ್ನ ಹೆಸರು ತಗಸ್ತೇನಿ” ಎಂದೆ.

“ಬ್ಯಾಡ. ಛಲೋ ಮಂದಿ ನಡುವ ಹಾಕ್ಯಾರ. ಇರ್ಲಿ ಬಿಡು.”

“ನೀ ಸತ್ತಿಲ್ಲಪ್ಪಾ!”

“ಇವತ್ತಿಗಂತೂ ಇಲ್ಲ. ಅವ್ರು ಜರಾ ಅವಸರ ಮಾಡ್ಯಾರ, ಅಷ್ಟ” ಎಂದು ಒಳಗೆ ಹೋದ.

ನಾನು ಬಿಡುವವಳಲ್ಲ. ಆಲ್ಬಮ್ ತಂದ ಕಂಪನಿಯ ನಂಬರು ಹುಡುಕಿ ಫೋನ್ ಮಾಡಿದೆ. ಮೂರು ದಿನ ಕಾಯಿರಿ ಎಂದು ಬರೀ ಸಂಗೀತ ಕೇಳಿಸಿದರು. ನಾಲ್ಕನೆಯ ದಿನ ಒಬ್ಬ ಮಹಾಶಯ ಸಿಕ್ಕ. ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಅವನು ಶಾಂತವಾಗಿ, “ಬದಲಾವಣೆ ಬೇಕಿದ್ದರೆ ಮೃತರ ಕುಟುಂಬದವರು ಬರೆದು ಕಳಿಸಬೇಕು” ಎಂದ.

“ನಾನೇ ಕುಟುಂಬದವಳು. ಆದರೆ ಅವರು ಮೃತರಲ್ಲ.”

“ಹಾಗಾದರೆ ನೀವು ಯಾವ ಮೃತರ ಪರವಾಗಿ ಮಾತಾಡುತ್ತಿದ್ದೀರಿ?”

ಸಮೀಕರಣ ತಿಳಿಯದ ಎಷ್ಟೋ ಮಕ್ಕಳಿಗೆ ತಾಳ್ಮೆಯಿಂದ ಪಾಠ ಹೇಳಿದ್ದೇನೆ. ಈ ಮನುಷ್ಯನ ಮುಂದೆ ನನ್ನ ತಾಳ್ಮೆ ಸೋತಿತು. ಅಪ್ಪನ ಆಧಾರ್ ಕಾರ್ಡು ಕಳಿಸಿದೆ. “ಇದರಲ್ಲಿ ಹನಮಪ್ಪ ಅಂತಿದೆ, ನಮ್ಮಲ್ಲಿರುವುದು ಹ್ಯಾರಿ” ಎಂದು ಉತ್ತರ ಬಂತು. ಅಪ್ಪ ಅಂದಿನ ಪೇಪರು ಹಿಡಿದು ಕುಳಿತಿರುವ ಫೋಟೋ ತೆಗೆದು ಕಳಿಸಿದೆ. ಅದಕ್ಕೂ ಅಪ್ಪ ಸರಿಯಾಗಿ ಕುಳಿತುಕೊಳ್ಳಲಿಲ್ಲ. ಬೇಕೆಂದೇ ಕಣ್ಣು ಮುಚ್ಚಿದ. ನಾಲ್ಕು ಸಲ ತೆಗೆಯಬೇಕಾಯಿತು.

ಅಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತ್ತು. ಯಾರೋ ಪುಣ್ಯಾತ್ಮರು ಆಲ್ಬಮ್ಮಿನ ಫೋಟೋವನ್ನೇ ಕತ್ತರಿಸಿ, ಎರಡು ದೀಪ ಹಚ್ಚಿ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು ವಾಟ್ಸಾಪಿಗೆ ಬಿಟ್ಟಿದ್ದರು. ಅದು ಕಲಾದಗಿಯಲ್ಲಿರುವ ಅಪ್ಪನ ತಂಗಿ ಗಂಗಮ್ಮತ್ತಿಯ ಫೋನಿಗೆ ಮುಟ್ಟಿತು. ನನಗೆ ಫೋನ್ ಮಾಡಿದ್ದಾಳೆ. ನಾನು ಕ್ಲಾಸಿನಲ್ಲಿದ್ದೆ. ಅವಳು ಅಳುತ್ತಲೇ ಎರಡು ಬಸ್ಸು ಬದಲಿಸಿ ಇಳಕಲ್ಲಿಗೆ ಬಂದು ಬಾಗಿಲು ಬಡಿದಳು. ಬಾಗಿಲು ತೆಗೆದವನು ಅಪ್ಪನೇ.

ನಾನು ಮನೆ ಮುಟ್ಟುವ ಹೊತ್ತಿಗೆ ಅತ್ತಿ ಕಟ್ಟೆಯ ಮೇಲೆ ಕುಳಿತು ಅವನನ್ನು ಬೈಯುತ್ತಿದ್ದಳು. “ಮೈಯಾಗ ಜೀವ ಇರ್ಲಿಲ್ಲೋ ನಂದು! ದಾರಿ ತುಂಬ ಅತ್ಕೊಂತ ಬಂದೇನಿ. ಇವ ನೋಡಿದ್ರ ‘ಬಂದ್ಯಾ ಗಂಗಾ, ಚಾ ಮಾಡು’ ಅಂತಾನ!”

ಅಪ್ಪ ನನ್ನ ಕಡೆ ನೋಡಿ, “ನಾ ಇದ್ದಾಗ ಆಕಿ ವರ್ಷಕ್ಕೊಮ್ಮೆ ಬರ್ತಿದ್ಲು. ನೋಡು, ಸತ್ತ ಕೂಡ್ಲೇ ಬಂದ್ಲು” ಎಂದ. ಅತ್ತಿ ಸೆರಗಿನಿಂದ ಅವನ ಬೆನ್ನಿಗೆ ಒಂದು ಬಾರಿಸಿದಳು.

ಮರುದಿನ ನಾನು ಕಂಪನಿಗೆ ಒಂದು ಉದ್ದನೆಯ, ಮರ್ಯಾದೆ ಕಡಿಮೆಯಿದ್ದ ಪತ್ರ ಬರೆದೆ. ಅದು ಹೇಗೋ ಆಲ್ಬಮ್ ನುಡಿಸಿದ ತಂಡದ ಮುಖ್ಯಸ್ಥೆಯ ಕೈಸೇರಿತು. ಅವರೇ ಫೋನ್ ಮಾಡಿದರು. ಅರವತ್ತರ ಆಸುಪಾಸಿನ ಪಿಯಾನೋ ವಾದಕಿ, ಹೆಸರು ಲೋರ್ನಾ. ಫ್ರಾಂಕನ ಸೋದರಸೊಸೆ. ಊರಿಗೆ ಹೋದ ಹ್ಯಾರಿಗೆ ಫ್ರಾಂಕ್ ಬರೆದ ಕಾಗದಗಳು, ಆ ಹೆಸರಿನವರು ಇಲ್ಲಿಲ್ಲ ಎಂದು ವಾಪಸು ಬಂದವಂತೆ. ಹಳೆಯ ತಂಡದ ಒಬ್ಬರು ಹ್ಯಾರಿ ಹೋದ ಎಂದರಂತೆ. ಊರಿಗೆ ಹೋದ ಎಂಬುದು ಬಾಯಿಂದ ಬಾಯಿಗೆ ದಾಟಿ ಲೋಕವನ್ನೇ ಬಿಟ್ಟುಹೋದ ಎಂದಾಗಿತ್ತು. ಅವರು ಫೋನಿನಲ್ಲೇ ಅತ್ತರು. “ನಾನು ಬಂದು ಕ್ಷಮೆ ಕೇಳಬೇಕು” ಎಂದರು.

ಒಂದು ಭಾನುವಾರ ಬೆಳಿಗ್ಗೆ ಬಾದಾಮಿ ಸ್ಟೇಷನ್ನಿನಲ್ಲಿ ಇಳಿದರು. ನಾನು ಕಾರು ಮಾಡಿಕೊಂಡು ಹೋಗಿ ಕರೆತಂದೆ. ದಾರಿಯುದ್ದಕ್ಕೂ ಅವರು ಏನು ಮಾತಾಡಬೇಕು ಎಂದು ತಮ್ಮಷ್ಟಕ್ಕೆ ಅಭ್ಯಾಸ ಮಾಡುತ್ತಿದ್ದರು. ಮನೆಗೆ ಬಂದರೆ ಅಪ್ಪ ಇಲ್ಲ! ಎಲ್ಲಿಗೆಂದು ಹೇಳಿಲ್ಲ, ಫೋನು ಮೇಜಿನ ಮೇಲೆಯೇ ಬಿಟ್ಟಿದ್ದಾನೆ. “ಬಾಗಲಕೋಟಿ ಬಸ್ ಹತ್ತಿದ್ದು ನೋಡೇನಿ” ಎಂದರು ಪಕ್ಕದ ಮನೆಯವರು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಷ್ಟು ದೂರದಿಂದ ಬಂದವರಿಗೆ ಏನು ಹೇಳಲಿ? ರೊಟ್ಟಿ, ಎಣಗಾಯಿ ಬಡಿಸಿದೆ. ಮಜ್ಜಿಗೆ ಕೊಟ್ಟೆ. ಹನ್ನೆರಡಾಯಿತು, ಎರಡಾಯಿತು. ಲೋರ್ನಾ, “ಅವರಿಗೆ ನನ್ನ ಮುಖ ನೋಡಲು ಇಷ್ಟವಿಲ್ಲ, ಅದು ಸರಿಯೇ” ಎಂದು ತಲೆ ತಗ್ಗಿಸಿದರು. ಅಪ್ಪ ಕೈಗೆ ಸಿಕ್ಕರೆ ಏನೆಲ್ಲ ಅನ್ನಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಳ್ಳುತ್ತಿದ್ದೆ.

ಮೂರೂವರೆಗೆ ಬಂದ. ಬಾಗಿಲಲ್ಲಿ ನಿಂತು ನಕ್ಕ. ಬಾಯಿ ತುಂಬ ಹಲ್ಲು!

ಹಲ್ಲೆಲ್ಲ ಬಿದ್ದ ಮೇಲೆ, ಎರಡು ವರ್ಷದ ಹಿಂದೆ ಮಾಡಿಸಿದ ಹಲ್ಲಿನ ಸೆಟ್ಟು ಅದು. ಚುಚ್ಚುತ್ತದೆ ಎಂದು ಡಬ್ಬಿಯಲ್ಲಿಟ್ಟವನು, ನಾನು ಎಷ್ಟು ಗೋಗರೆದರೂ ಹಾಕಿಕೊಂಡಿರಲಿಲ್ಲ. ಆ ಭಾನುವಾರವೇ ಬಾಗಲಕೋಟೆಗೆ ಹೋಗಿ, ದಂತವೈದ್ಯರ ಮನೆಯನ್ನೇ ಹುಡುಕಿ, ಅವರನ್ನು ಎಬ್ಬಿಸಿಕೊಂಡು ದವಾಖಾನೆ ತೆಗೆಸಿ ಅದನ್ನು ಸರಿ ಮಾಡಿಸಿಕೊಂಡು ಬಂದಿದ್ದ.

“ಹೇಳಿ ಹೋಗಾಕ ಏನಾಗಿತ್ತಪ್ಪಾ?” ಎಂದು ಕೂಗಿದೆ.

“ಹಲ್ಲಿಲ್ದ ಸ್ಯಾಕ್ಸಫೋನ್ ಊದಾಕ ಬರೂದಿಲ್ಲ ಬೇ” ಎಂದ, ನನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬಂತೆ.

ಅಟ್ಟದಿಂದ ಸ್ಯಾಕ್ಸಫೋನಿನ ಪೆಟ್ಟಿಗೆ ಇಳಿಸಿದೆವು. ಅಪ್ಪ ಒರೆಸಿ, ಬಾಯಿಗಿಟ್ಟು ಊದಿದ. ಬುಸ್ ಎಂದು ಗಾಳಿ ಬಂತು. ವಾದ್ಯದ ತೂತು ಮುಚ್ಚುವ ಚರ್ಮವೆಲ್ಲ ಒಣಗಿ ಪುಡಿಯಾಗಿತ್ತು. ಮತ್ತೆ ಊದಿದ. ಮತ್ತೂ ಗಾಳಿ. ಮೂರನೆಯ ಸಲ ಹಲ್ಲಿನ ಸೆಟ್ಟೇ ಜಾರಿತು. ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಬೆಳಿಗ್ಗೆಯಿಂದ ಕೂಡಿಟ್ಟ ಬೈಗುಳ ಮರೆತು, ನಾನು ವಾದ್ಯ ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟೆ.

ಲೋರ್ನಾ ಮೆಲ್ಲಗೆ ತಮ್ಮ ಫೋನಿನಲ್ಲಿ ಆಲ್ಬಮ್ಮಿನ ಒಂದು ಹಾಡು ಹಚ್ಚಿದರು. “ಇದು ನಿಮ್ಮದು. ನೀವು ಕಟ್ಟಿದ್ದು. ಫ್ರಾಂಕ್ ಅಂಕಲ್ ಸ್ವರ ಬರೆದಿಟ್ಟಿದ್ದರು” ಎಂದರು.

ಅಪ್ಪ ಸ್ಪೀಕರಿಗೆ ಕಿವಿ ಹಚ್ಚಿದ. ಅರ್ಧ ನಿಮಿಷ ಕೇಳಿದ. ಆಮೇಲೆ ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿ ಕನ್ನಡದಲ್ಲಿ ಸಿಡಿದ: “ಇದೇನಿದು, ಬೆನ್ನಿಗೆ ನಾಯಿ ಬಿದ್ದಂಗ ಓಡ್ಯಾರ? ನಾ ಸತ್ತೇನಿ ಅಂತ ತಿಳ್ಕೊಂಡು ಹೆಂಗ್ ಬೇಕಂಗ ಬಾರ್ಸೂದಾ? ಹೇಳು ಆಕೀಗೆ!”

ನಾನು ಅದನ್ನು ಸಾಕಷ್ಟು ಮೆದು ಮಾಡಿ ಹಿಂದಿಯಲ್ಲಿ ಹೇಳಿದೆ. ಲೋರ್ನಾ ಅಪ್ಪನ ಮುಖದಲ್ಲೇ ಎಲ್ಲ ಓದಿಕೊಂಡಿದ್ದರು. ಫೋನು ನಿಲ್ಲಿಸಿ, “ಹೇಗೆ ಬೇಕು, ತೋರಿಸಿ” ಎಂದರು.

ಅಪ್ಪ ತೊಡೆಯ ಮೇಲೆ ನಿಧಾನವಾಗಿ ತಾಳ ಹಾಕಿ ಹಾಡತೊಡಗಿದ. ಮಾತಿಲ್ಲ, ಬರೀ ದನಿ. ಬೊಚ್ಚುಬಾಯಿ, ಎಂಬತ್ತರ ಹತ್ತಿರದ ಗಂಟಲು. ಆದರೂ ದನಿ ಒಂದು ಕಡೆ ನಿಂತು, ತಡೆದು, ತಡವಾಗಿ ಇನ್ನೊಂದು ಕಡೆ ಇಳಿಯುವಾಗ ನಾನು ಇದ್ದಲ್ಲೇ ನೆಲದ ಮೇಲೆ ಕುಳಿತೆ. ಲೋರ್ನಾ ನಮ್ಮ ಊಟದ ಮೇಜಿನ ಮೇಲೆ ಬೆರಳಾಡಿಸುತ್ತ ಹಿಂಬಾಲಿಸಿದರು. ತಪ್ಪಿದಾಗಲೆಲ್ಲ ಅಪ್ಪ “ನಹೀಂ, ನಹೀಂ” ಎಂದು ಗದರಿ ಮೊದಲಿಂದ ಹಿಡಿದ. ಒಂದು ತಾಸು ಹೀಗೇ ನಡೆಯಿತು. ಕ್ಷಮೆ ಕೇಳಲು ಬಂದವರಿಗೆ ಅದಕ್ಕೆ ಅವಕಾಶವೇ ಸಿಗಲಿಲ್ಲ.

ಹೋಗುವಾಗ ಅವರು ಫ್ರಾಂಕನ ಕೊನೆಯ ದಿನಗಳ ಬಗ್ಗೆ ಹೇಳಿದರು. ಅಪ್ಪ ಅವರ ಎರಡೂ ಕೈ ಹಿಡಿದುಕೊಂಡು ಪೂರ್ತಿ ಕೇಳಿದ. ಇಬ್ಬರೂ ಅತ್ತರು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಹದಿನೈದು ದಿನಕ್ಕೆ ಆಲ್ಬಮ್ಮಿನ ಪುಟ ತಿದ್ದುಪಡಿಯಾಯಿತು. ಅಗಲಿದವರು ಆರು ಜನ. ಕೆಳಗೆ ಬೇರೆ ಸಾಲಿನಲ್ಲಿ ‘ಹ್ಯಾರಿ ಇಳಕಲ್ ಅವರಿಗೆ ಕೃತಜ್ಞತೆ’ ಎಂದು ಹಾಕಿದರು. ಗೆದ್ದೆ ಎಂದು ಅಪ್ಪನಿಗೆ ತೋರಿಸಿದರೆ, “ಫ್ರಾಂಕನ ಬಾಜೂಕ ಇದ್ದೆ. ಎಬ್ಬಿಸಿ ಬ್ಯಾರೆ ಕಡೆ ಕುಂದ್ರಿಸಿದಿ” ಎಂದು ನಾಲ್ಕು ದಿನ ಮಾತು ಬಿಟ್ಟ. ಈ ಮನುಷ್ಯನಿಗಾಗಿ ಇಷ್ಟು ಒದ್ದಾಡಿದೆನಲ್ಲ ಎಂದು ನಾನೂ ಮಾತು ಬಿಟ್ಟೆ.

ನಾನು ಮಾಡಿದ್ದು ಸರಿ ಎಂದು ಈಗಲೂ ವಾದಿಸುತ್ತೇನೆ. ಆದರೆ ಒಂದು ಮಾತು ಚುಚ್ಚುತ್ತದೆ. ಅಪ್ಪ ಬದುಕಿದ್ದಾನೆ ಎಂದು ಕಂಡಕಂಡವರಿಗೆಲ್ಲ ಸಾಧಿಸುತ್ತ ತಿರುಗಿದ ನಾನು, ಆ ಹನ್ನೊಂದು ವರ್ಷ ಅವನು ಹೇಗೆ ಬದುಕಿದ್ದ ಎಂದು ನನ್ನ ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗ ರಜೆಯಿದ್ದಾಗಲೆಲ್ಲ ಕೇಳುತ್ತೇನೆ. ಅವನು ಸರಿಯಾಗಿ ಹೇಳಿದರೆ ತಾನೇ! ಒಂದು ಸಲ ಹೇಳಿದ್ದು ಇನ್ನೊಂದು ಸಲ ಇರುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಸಂತೆಯ ಬದನೆಕಾಯಿಯ ಮಾತಿಗೆ ಬರುತ್ತಾನೆ. ಹೋದ ಭಾನುವಾರ ಮೊದಲ ಸಲ ಹೋಟೆಲಿನಲ್ಲಿ ನುಡಿಸಿದ ಸಂಜೆಯ ಕಥೆ ಶುರು ಮಾಡಿ, ಆಕಳಿಸಿ, “ಉಳಿದದ್ದು ನಾಳೆ ಹೇಳ್ತೇನಿ” ಎಂದು ಎದ್ದ.

ಈ ವಯಸ್ಸಿನಲ್ಲಿ ಎಷ್ಟು ಧೈರ್ಯದಿಂದ ನಾಳೆ ಎನ್ನುತ್ತಾನೆ ಎಂದು ನನಗೆ ಸಿಟ್ಟೇ ಬಂತು. ಕೈ ಹಿಡಿದು ಕೂರಿಸಿದೆ. “ಈಗ ಹೇಳಪ್ಪಾ” ಎಂದೆ.