ವಿರುಪಣ್ಣನ ಮೂರನೆಯ ಏಟು

ಮರಳಿಯ ವಿರುಪಣ್ಣನಂಥ ಹೊಡೆದಾಟಗಾರ ಗಂಗಾವತಿ ತಾಲೂಕಿನಲ್ಲಿಯೇ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನು ವಿರುಪಣ್ಣ. ಕಾಲುವೆ ನೀರಿನ ಪಾಳಿ ಚೂರು ತಪ್ಪಿದರೂ ಬಡಿಗೆ ಹಿಡಿದು ತೂಬಿಗೆ ಓಡುವನು, ಎರಡು ಏಟು ಹಾಕುವನು. ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಎದೆ ಸಿಳ್ಳೆ ಹೊಡೆಯುತ್ತಿತ್ತು. ಒಡ್ಡಿನ ಮೇಲೆ ಕುಕ್ಕರಿಸುವನು. ಏಟು ತಿಂದವರೇ ನೀರು ಕುಡಿಸಿ ಬೆನ್ನು ನೀವುತ್ತಿದ್ದರು. ಊರು ನೆಮ್ಮದಿಯಾಗಿದ್ದದ್ದು ಈ ದಮ್ಮಿನ ರೋಗದಿಂದ.

ಎಂಬತ್ತೇಳನೆಯ ಇಸವಿಯಲ್ಲಿ ಒಮ್ಮೆ ತುಟಿ ನೀಲಿಗಟ್ಟಿತು. ಹೆಂಡತಿ ಮುದಕಮ್ಮ ಗಂಗಾವತಿಗೆ ಒಯ್ದಳು. ಡಾಕ್ಟರು ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. “ಉಸಿರಿನ ಕೊಳವಿ ಒಳಗ ಕೆಂಪಗ ಬಾತೈತಿ. ಇದು ಆ ಬಾವು ನಿಧಾನಕ್ಕ ಇಳಸ್ತೈತಿ. ದಮ್ಮು ಹತ್ತಿದಾಗ ಕೆಲಸಕ್ಕ ಬರೂದಿಲ್ಲ. ಆರಾಮ ಇದ್ದರೂ ಮುಂಜಾನಿ ಸಂಜಿ ಬಿಡಬ್ಯಾಡ್ರಿ.”

ನಿಧಾನ ಎಂಬ ಮಾತು ವಿರುಪಣ್ಣನ ಕಿವಿಗೆ ಬೀಳುವಂಥದ್ದಲ್ಲ. ಪಂಪನ್ನು ಕಿಸೆಗೆ ತುರುಕಿಕೊಂಡು ತೂಬಿಗೆ ಹೋದ, ಪಕ್ಕದ ಹೊಲದ ಶಬ್ಬೀರಸಾಬನಿಗೆ ಎರಡು ಬಾರಿಸಿದ, ದಮ್ಮು ಹತ್ತಿದೊಡನೆ ಬಾಯಿಗಿಟ್ಟು ಜಗ್ಗಿದ. ಏನೂ ಆಗಲಿಲ್ಲ. ಸಿಟ್ಟಿಗೆ ಪಂಪನ್ನೇ ಬೀಸಿ ಒಗೆದ. ಶಬ್ಬೀರಸಾಬನ ಹುಬ್ಬು ಒಡೆಯಿತು.

ಪಂಪನ್ನು ಹೆಕ್ಕಿ ತಂದ ಮುದಕಮ್ಮ ದಿನಾ ಎರಡು ಹೊತ್ತು ಎದುರು ನಿಂತು ಎಳೆಸಿದಳು, ಬಾಯಿ ಮುಕ್ಕಳಿಸಲು ಚೊಂಬು ಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ ಸಿಳ್ಳೆ ನಿಂತಿತು. ಆಮೇಲಿನ ಪಾಳಿಗೆ ವಿರುಪಣ್ಣ ಮೂರನೆಯ ಏಟು ಹಾಕಿದ. ನಾಲ್ಕನೆಯದೂ ಬಂತು, ಐದನೆಯದೂ ಬಂತು. ಶಬ್ಬೀರಸಾಬ ಪಾಪ, ವಾಡಿಕೆಯಂತೆ ಎರಡಾದ ಮೇಲೆ ನೀರು ತರಲು ತಿರುಗಿದ್ದ. ಮುಂಗೈ ಎಲುಬು ಮುರಿಯಿತು, ಹಲ್ಲು ಕೆಸರಿಗೆ ಬಿದ್ದವು.

ಮರುದಿನ ಸಂಜೆ ಊರ ಹಿರಿಯ ಕಳಕಪ್ಪ ವಿರುಪಣ್ಣನ ಮನೆಗೆ ಬಂದ.

“ಯವ್ವಾ ಮುದಕವ್ವ, ಆ ಪಂಪು ಬಿಡಸವ್ವ. ಮೊದಲಿನ ವಿರುಪಣ್ಣನೇ ಛಲೋ ಇದ್ದ.”

“ಮೊದಲಿನಾಂವ ಸಾಯಾಕ ಹತ್ತಿದ್ದ, ಕಾಕಾ.”

“ಹಂಗಾರ ನಾವು ಸಾಯೂಣೇನು?”

ಒಳಗಿದ್ದ ವಿರುಪಣ್ಣ, “ನನ್ನ ಔಷಧ ಬಿಡಸೂ ಗಂಡಸು ಯಾಂವಲೇ ಅಂವ!” ಎಂದು ಬಡಿಗೆ ಎತ್ತಿಕೊಂಡು ಹೊರಬಿದ್ದ. ಕಳಕಪ್ಪನ ಹೆಗಲಿಗೆ ಒಂದು ಬಿತ್ತು. ಇನ್ನೊಂದು ತಲೆಗೇ ಬರುತ್ತಿತ್ತು; ಅಷ್ಟರಲ್ಲಿ ಮುದಕಮ್ಮ ಒನಕೆ ಬೀಸಿದಳು. ಗಂಡನ ಬಲ ಮಣಿಕಟ್ಟು ಲಟ್ಟೆಂದಿತು.

“ನನಗ ಬೇಕಾದದ್ದು ನಿಮ್ಮ ಉಸಿರು ರೀ,” ಎಂದಳು. “ಕೈ ಇರದಿದ್ದರೂ ನಡೀತೈತಿ.”

ವಿರುಪಣ್ಣ ನೆಲಕ್ಕುರುಳಿ ಊರೆಲ್ಲ ಕೇಳುವಂತೆ ಚೀರಿದ, ಒಂದೇ ದಮ್ಮಿಗೆ, ಎಲ್ಲಿಯೂ ತಡೆಯದೆ. ಮುದಕಮ್ಮ ಅದನ್ನು ಕೊನೆಯತನಕ ಕಿವಿಗೊಟ್ಟು ಕೇಳಿದಳು. ಒನಕೆಯನ್ನು ಗೋಡೆಗೆ ಆನಿಸಿ, ಸಂಜೆಯ ಪಂಪು ತರಲು ಒಳಗೆ ಹೋದಳು.